ಸಿನಿಮಾ ತೋರಿಸು, ಆದರೆ ಮೊದಲೇ ಹೇಳಿ ತೋರಿಸು

ವಿನುತಾ, ಬೆಳಿಗ್ಗೆ ನೀನು ಮನೆಯವರ ಗ್ರೂಪಿನಲ್ಲಿ ಹಾಕಿದ್ದನ್ನು ಓದಿದೆ. ಸಿರಿಯ ಸ್ಕೂಲಿನಲ್ಲಿ ಕ್ರಿಸ್‌ಮಸ್ ರಜೆಗೆ ಅಂತ ಕೊಟ್ಟ ಸಿನಿಮಾ ಪಟ್ಟಿಯಲ್ಲಿ 'ದಿ ಬೆಲ್ಸ್ ಆಫ್ ಸೇಂಟ್ ಮೇರೀಸ್' ಇದೆ, ಅದರಲ್ಲಿ ಶಾಲೆಯ ಸಿಸ್ಟರ್‌ಗೆ, ಅಂದರೆ ಕ್ರೈಸ್ತ ಸನ್ಯಾಸಿನಿಗೆ, ಕ್ಷಯ ಬರುತ್ತದಂತೆ, ಒಬ್ಬ ಹುಡುಗಿಯ ಅಪ್ಪ ಮನೆ ಬಿಟ್ಟು ಹೋಗಿರುತ್ತಾನಂತೆ, ನಮ್ಮ ಮಗು ಮೊದಲೇ ಅಳುಬುರುಕಿ, ತೋರಿಸಬಹುದಾ ದೊಡ್ಡಪ್ಪ ಅಂತ ಕೇಳಿದ್ದೀಯ. ನನಗೆ ಟೈಪ್ ಮಾಡಲು ಬೆರಳು ಬಗ್ಗುವುದಿಲ್ಲ. ಮಾತಾಡುತ್ತಿದ್ದೇನೆ, ಫೋನೇ ಬರೆದುಕೊಳ್ಳುತ್ತಿದೆ. ತಪ್ಪಿದ್ದರೆ ಹೊಂದಿಸಿಕೊಂಡು ಓದಿ.

1945ರ ಸಿನಿಮಾ ಅದು, ಕಪ್ಪು ಬಿಳುಪು. ಬಿಂಗ್ ಕ್ರಾಸ್ಬಿ ಫಾದರ್ ಒ'ಮ್ಯಾಲಿ, ಇಂಗ್ರಿಡ್ ಬರ್ಗ್‌ಮನ್ ಸಿಸ್ಟರ್ ಬೆನೆಡಿಕ್ಟ್. ಕ್ರಾಸ್ಬಿಗೆ ಇದೇ ಫಾದರ್ ಪಾತ್ರಕ್ಕೆ ಹಿಂದಿನ ಸಿನಿಮಾದಲ್ಲೇ ಆಸ್ಕರ್ ಬಂದಿತ್ತು. ಆದರೆ ಇದರಲ್ಲಿ ಆ ಹೆಂಗಸಿನ ಮುಖ ಬಿಟ್ಟು ಬೇರೆ ಕಡೆ ಕಣ್ಣು ಹೋಗುವುದಿಲ್ಲ. ಬೀಳುವ ಹಾಗಿರುವ ಶಾಲೆ, ಪಕ್ಕದಲ್ಲೇ ಬೋಗಾರ್ಡಸ್ ಅನ್ನುವ ಸಾಹುಕಾರ ಹೊಸ ಕಟ್ಟಡ ಎಬ್ಬಿಸುತ್ತಿದ್ದಾನೆ. ಅವನಿಗೆ ಶಾಲೆಯ ಜಾಗದಲ್ಲಿ ಕಾರು ನಿಲ್ಲಿಸಬೇಕು. ಸಿಸ್ಟರ್‌ಗಳು ಅವನ ಕಟ್ಟಡವೇ ನಮಗೆ ಸಿಗಲಿ ಅಂತ ಪ್ರಾರ್ಥನೆ ಮಾಡುತ್ತಾರೆ. ಧೈರ್ಯ ನೋಡು!

ಮಗು ಹೆದರುವುದು ಕಾಯಿಲೆಗಲ್ಲ ವಿನುತಾ. ಮುಚ್ಚಿಡುವುದಕ್ಕೆ. ಡಾಕ್ಟರ್ ಬಂದು ಸಿಸ್ಟರ್‌ಗೆ ಟಿಬಿ ಇದೆ ಅಂತ ಫಾದರ್‌ಗೆ ಹೇಳುತ್ತಾನೆ, ಆಕೆಗೆ ಮಾತ್ರ ಹೇಳಬೇಡಿ ಅನ್ನುತ್ತಾನೆ. ಆಕೆಯನ್ನು ಬೇರೆ ಊರಿಗೆ ವರ್ಗ ಮಾಡುತ್ತಾರೆ. ಅಪ್ಪ ಬಿಟ್ಟು ಹೋದ ಆ ಹುಡುಗಿ ಪ್ಯಾಟ್ಸಿ ಫೇಲಾದಾಗ ಅವಳನ್ನು ಪಾಸು ಮಾಡುವ ವಿಷಯದಲ್ಲಿ ಇಬ್ಬರಿಗೂ ಜಟಾಪಟಿ ಆಗಿತ್ತಲ್ಲ, ಅದಕ್ಕೇ ಫಾದರ್ ನನ್ನನ್ನು ಓಡಿಸುತ್ತಿದ್ದಾರೆ ಅಂದುಕೊಳ್ಳುತ್ತಾಳೆ ಪಾಪ.

ನನಗೆ ಇದೇ ಆಗಿದ್ದು. ಅಮ್ಮನಿಗೆ ಕೆಮ್ಮು ಬಂದ ವರ್ಷ ನಿಮಗೆಲ್ಲ ಗೊತ್ತೇ ಇದೆ. ಅಪ್ಪ ಅವಳನ್ನು ಮೈಸೂರಿನ ಟಿಬಿ ಆಸ್ಪತ್ರೆಗೆ ಸೇರಿಸಿದರು, ನನ್ನನ್ನು ಅರಸೀಕೆರೆಗೆ, ಸೀತಾ ಚಿಕ್ಕಮ್ಮನ ಮನೆಗೆ ಬಿಟ್ಟರು. ಯಾಕೆ ಅಂತ ಒಬ್ಬರೂ ಬಾಯಿ ಬಿಡಲಿಲ್ಲ. ಅದಕ್ಕೆ ಸ್ವಲ್ಪ ಮುಂಚೆ ಅಪ್ಪನ ಲೆಕ್ಕದ ಪುಸ್ತಕದ ಮೇಲೆ ನನ್ನ ಕೈಯಿಂದ ಶಾಯಿ ಚೆಲ್ಲಿತ್ತು. ಅದಕ್ಕೇ ಮನೆಯಿಂದ ಹಾಕಿದ್ದಾರೆ ಅಂತ ನಾನು ತೀರ್ಮಾನ ಮಾಡಿಕೊಂಡೆ. ಒಳ್ಳೆ ಹುಡುಗ ಆದರೆ ವಾಪಸ್ ಕರೆಸಿಕೊಳ್ಳುತ್ತಾರೆ ಅಂತ ಬಾವಿಯಿಂದ ನೀರು ಸೇದಿ ಸೇದಿ ಹಂಡೆ ತುಂಬಿಸುತ್ತಿದ್ದೆ. ಹುಡುಗ ಎಷ್ಟು ಚುರುಕು ಅಂತ ಚಿಕ್ಕಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದರು! ಅಪ್ಪನ ಕಾಗದ ಬಂದರೆ ಅದರಲ್ಲಿ 'ಎಲ್ಲರೂ ಕ್ಷೇಮ' ಅಷ್ಟೇ. ಅಮ್ಮ ಗುಣವಾಗಿ ಬಂದಳು. ಆದರೆ ನಾನು ಎಷ್ಟೋ ದಿನ ಅಪ್ಪನ ಮುಂದೆ ಪೆನ್ನು ಮುಟ್ಟುತ್ತಿರಲಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ, ಮಗುವಿಗೆ ಕಾರಣ ಹೇಳದೆ ಏನನ್ನೂ ಮುಚ್ಚಿಡಬೇಡ. ಅದರ ತಲೆ ಸುಮ್ನೆ ಇರುವುದಿಲ್ಲ, ಇರುವುದಕ್ಕಿಂತ ಕೆಟ್ಟದ್ದನ್ನು ಕಟ್ಟಿಕೊಳ್ಳುತ್ತದೆ. ಆ ಸಿನಿಮಾದ ಪ್ಯಾಟ್ಸಿಯೂ ಅಷ್ಟೇ. ಅಪ್ಪ ವಾಪಸ್ ಬಂದಿರುತ್ತಾನೆ, ಅಮ್ಮನ ಜೊತೆ ಅವನನ್ನು ನೋಡಿ ಯಾರೋ ಬೇರೆ ಗಂಡಸು ಅಂದುಕೊಂಡು ಪರೀಕ್ಷೆಯಲ್ಲಿ ಬೇಕಂತಲೇ ಫೇಲಾಗುತ್ತಾಳೆ. ಮತ್ತೆ ಹೇಳುತ್ತೇನೆ, ಮುಚ್ಚಿಡಬೇಡ. ರಮೇಶ, ನೀನೂ ಕೇಳಿಸಿಕೋ. ಹೆಬ್ಬೆಟ್ಟಿನ ಗುರುತು ಹಾಕಿ ಜಾರಿಕೊಳ್ಳಬೇಡ.

ಮುಚ್ಚಿಡುವ ವಿಷಯ ಬಂತು ಅಂತ ಹೇಳುತ್ತೇನೆ. ಮೋಹನನ ಹರ್ನಿಯಾ ಆಪರೇಷನ್ ಆಗಿ, ಅವನು ಮನೆಗೆ ಬಂದು, ಹೊಲಿಗೆ ಬಿಚ್ಚಿದ ಮೇಲೆ ನನಗೆ ಗೊತ್ತಾಯಿತು. ಅದೂ ಹಾಲಿನವನಿಂದ. ಯಾಕಪ್ಪಾ ಅಂದರೆ 'ನಿಮಗೆ ಬಿಪಿ ಇದೆ' ಅಂತೆ. ಬಿಪಿ ಇರುವವನಿಗೆ ದಿನಾ ಬೆಳಿಗ್ಗೆ ಇಪ್ಪತ್ತು ಗುಡ್ ಮಾರ್ನಿಂಗ್ ಗುಲಾಬಿ ಕಳಿಸಬಹುದು, ತಮ್ಮನ ಆಪರೇಷನ್ ಮಾತ್ರ ಹೇಳಬಾರದು, ಅಲ್ವಾ? ಹಳೇ ಮನೆಯ ತೆಂಗಿನ ಮರ ಕಡಿಸಿದ್ದೂ ಹಾಗೇ. ಅದನ್ನು ಈಗ ಎತ್ತುವುದಿಲ್ಲ. ಶ್ಯಾಮಲಾ ಅತ್ತಿಗೆ ಬೇಜಾರು ಮಾಡಿಕೊಳ್ಳುತ್ತಾರೆ.

ಏನು ಹೇಳಲು ಹೊರಟಿದ್ದೆ? ಹಾಂ, ಸಿರಿ.

ತೋರಿಸಮ್ಮ, ಖಂಡಿತ ತೋರಿಸು. ಎರಡು ಗಂಟೆ ದಾಟುತ್ತದೆ, ಒಂದೇ ಸಲ ಕೂರಿಸಬೇಡ. ಹಿಂದಿನ ಸಿನಿಮಾ ನೋಡಿರಬೇಕು ಅಂತೇನಿಲ್ಲ. ಶುರು ಮಾಡುವ ಮುಂಚೆಯೇ ಹೇಳಿಬಿಡು: ಸಿಸ್ಟರ್‌ಗೆ ಕಾಯಿಲೆ ಬರುತ್ತದೆ, ಆಗ ಟಿಬಿಗೆ ವಿಶ್ರಾಂತಿ, ಒಳ್ಳೆ ಊಟ, ಒಳ್ಳೆ ಗಾಳಿ ಅಂತ ದೂರ ಕಳಿಸುತ್ತಿದ್ದರು, ಈಗ ಸಾಮಾನ್ಯವಾಗಿ ಆರು ತಿಂಗಳು ಬಿಡದೆ ಮಾತ್ರೆ ತಗೊಂಡರೆ ವಾಸಿಯಾಗುತ್ತದೆ, ಸರ್ಕಾರಿ ಆಸ್ಪತ್ರೆಯಲ್ಲಿ ಬಿಟ್ಟಿ ಕೊಡುತ್ತಾರೆ ಅಂತ. ಕೊನೆಗೆ ಹೊರಡುವ ಹೊತ್ತಿಗೆ ಫಾದರ್ ಆಕೆಯನ್ನು ವಾಪಸ್ ಕರೆದು ನಿಜ ಹೇಳುತ್ತಾನೆ. ಕಾಯಿಲೆ ಇದೆ ಅಂತ ಕೇಳಿ ಆಕೆಯ ಮುಖ ಅರಳುತ್ತದೆ! ಅದು ಯಾಕೆ ಅಂತ ಸಿರಿಯನ್ನೇ ಕೇಳು, ನೀನು ಹೇಳಿಕೊಡಬೇಡ. ಬೋಗಾರ್ಡಸ್ ಕಟ್ಟಡ ಕೊಟ್ಟನಾ ಇಲ್ಲವಾ ಅನ್ನುವುದನ್ನೂ ಹೇಳಬೇಡ. ಅಷ್ಟು ಮಾತ್ರ ಮುಚ್ಚಿಡಬಹುದು.

ಪುಟ್ಟ ಮಕ್ಕಳು ಮಾಡುವ ಕ್ರಿಸ್‌ಮಸ್ ನಾಟಕಕ್ಕೆ ಸಿರಿ ಬಿದ್ದು ಬಿದ್ದು ನಗುತ್ತಾಳೆ. ಏಟು ತಿಂದು ಬಂದ ಹುಡುಗನಿಗೆ ಸಿಸ್ಟರ್ ಪುಸ್ತಕ ಓದಿ ಬಾಕ್ಸಿಂಗ್ ಕಲಿಸುವ ಜಾಗವೂ ಬರುತ್ತದೆ. ಅದಾದ ಮೇಲೆ ಸಿರಿ ದಿಂಬು ಹಿಡಿದು ತಮ್ಮನ ಮೇಲೆ ಬಿದ್ದರೆ ನನಗೆ ಫೋನ್ ಮಾಡಬೇಡ. ಭಾನುವಾರ ಬರುವಾಗ ನನ್ನ ಬಿಪಿ ಮಾತ್ರೆ ತಗೊಂಡು ಬಾ, ಚೀಟಿ ರಮೇಶನ ಹತ್ತಿರ ಇದೆ.