45 ಡಿಗ್ರಿಗೆ ಕತ್ತರಿಸಿದರೂ ಪೆಟ್ಟಿಗೆಯ ನಾಲ್ಕನೇ ಮೂಲೆ ಕೂಡುತ್ತಿಲ್ಲ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಮುಚ್ಚಳದ ಪೆಟ್ಟಿಗೆ, ಹೊರ ಅಳತೆ 300 × 200 ಮಿ.ಮೀ., ಎತ್ತರ 100 ಮಿ.ಮೀ., ಹಲಗೆಯ ದಪ್ಪ 12 ಮಿ.ಮೀ. ನಾಲ್ಕು ಮೂಲೆಗೂ ಮೈಟರ್ ಜಾಯಿಂಟ್, ಅಂದರೆ ಎರಡೂ ಹಲಗೆಯ ತುದಿಯನ್ನು 45 ಡಿಗ್ರಿ ಓರೆಯಾಗಿ ಕತ್ತರಿಸಿ ಕೂಡಿಸುವುದು. ಟೇಬಲ್ ಗರಗಸದ ಬ್ಲೇಡ್ ವಾಲಿಸಿ ಕತ್ತರಿಸಿದ್ದು. ಡಿಜಿಟಲ್ ಕೋನಮಾಪಕ 45.0 ಎಂದೇ ತೋರಿಸುತ್ತಿದೆ. ಅಂಟು ಹಾಕದೆ ಜೋಡಿಸಿದರೆ ಮೂರು ಮೂಲೆ ಚೆನ್ನಾಗಿ ಕೂರುತ್ತವೆ. ನಾಲ್ಕನೆಯದರಲ್ಲಿ ಹೊರಗಡೆ ಸುಮಾರು 0.6 ಮಿ.ಮೀ. ಸಂದು ಉಳಿಯುತ್ತದೆ, ಒಳಗಡೆ ಮುಟ್ಟುತ್ತದೆ. ಕ್ಲಾಂಪ್ ಬಿಗಿದರೆ ಅದು ಮುಚ್ಚಿಕೊಳ್ಳುತ್ತದೆ, ಆದರೆ ಪಕ್ಕದ ಮೂಲೆ ಬಾಯಿ ಬಿಡುತ್ತದೆ. ಹೀಗೆಯೇ ಬಿಗಿದು ಅಂಟಿಸಬಹುದೇ? ತಪ್ಪು ಎಲ್ಲಿದೆ?

ಉತ್ತರ 1

ಬಿಗಿದು ಅಂಟಿಸಬೇಡಿ. ಕ್ಲಾಂಪಿನ ಬಲದಿಂದ ಮುಚ್ಚಿದ ಸಂದು ಆ ಒತ್ತಡವನ್ನು ಅಂಟಿನ ಮೇಲೆ ಹೊರಿಸಿ ಕೂತಿರುತ್ತದೆ. ಮುಂದೆ ಸಣ್ಣ ಪೆಟ್ಟು ಬಿದ್ದರೂ ಅಲ್ಲೇ ಬಿಡುತ್ತದೆ.

ಮೂರು ಮೂಲೆ ಸರಿ, ಒಂದೇ ತಪ್ಪು ಎಂದು ಕಾಣುತ್ತದೆ. ನಿಜವಾಗಿ ಎಂಟೂ ಕಡಿತಗಳಲ್ಲಿ ಸ್ವಲ್ಪಸ್ವಲ್ಪ ತಪ್ಪಿದೆ, ಅದೆಲ್ಲ ಸೇರಿ ಕೊನೆಯ ಮೂಲೆಯಲ್ಲಿ ಬಂದು ನಿಂತಿದೆ. ಲೆಕ್ಕ ನೋಡಿ: 12 ಮಿ.ಮೀ. ಹಲಗೆಯನ್ನು 45ಕ್ಕೆ ಕತ್ತರಿಸಿದರೆ ಓರೆಮುಖದ ಅಗಲ ಸುಮಾರು 17 ಮಿ.ಮೀ. ಅದರ ಹೊರತುದಿಯಲ್ಲಿ 0.6 ಮಿ.ಮೀ. ಸಂದು ಎಂದರೆ ಸುಮಾರು 2 ಡಿಗ್ರಿ. ಎಂಟರಿಂದ ಭಾಗಿಸಿದರೆ ಒಂದು ಕಡಿತಕ್ಕೆ 0.25 ಡಿಗ್ರಿ. ಅಂದರೆ ನಿಮ್ಮ ಬ್ಲೇಡ್ ವಾಲಿರುವುದು 45 ಅಲ್ಲ, 44.75ರ ಆಸುಪಾಸು.

ಮಾಪಕವನ್ನು ದೂರಿ ಪ್ರಯೋಜನವಿಲ್ಲ. ಅದನ್ನು ಗರಗಸದ ಮೇಜಿನ ಮೇಲೆಯೇ ಇಟ್ಟು ಸೊನ್ನೆ ಮಾಡಬೇಕು, ಆಮೇಲೆ ಬ್ಲೇಡಿನ ಚಪ್ಪಟೆ ಭಾಗಕ್ಕೆ ಅಂಟಿಸಬೇಕು. ಹಲ್ಲಿನ ತುದಿಗೆ ತಾಗಿದ್ದರೆ ಓದು ತಪ್ಪುತ್ತದೆ. ಎಲ್ಲ ಸರಿಯಿದ್ದರೂ 0.1 ಡಿಗ್ರಿ ಆಚೀಚೆ ಆಗುವುದು ಸಾಮಾನ್ಯ, ಅಷ್ಟಕ್ಕೇ ಕೊನೆಯ ಮೂಲೆಯಲ್ಲಿ 0.24 ಮಿ.ಮೀ. ಸಂದು ಬರುತ್ತದೆ. ಅದು ಕಣ್ಣಿಗೆ ಬೀಳುತ್ತದೆ. ಹಾಗಾಗಿ ಮಾಪಕವನ್ನು ಬರಿಯ ಆರಂಭಕ್ಕೆ ಇಟ್ಟುಕೊಳ್ಳಿ, ತೀರ್ಮಾನ ಮರದ ತುಂಡಿನಿಂದಲೇ ಆಗಲಿ.

ಎರಡು ಬೇಡದ ತುಂಡು ಕತ್ತರಿಸಿ ಮೈಟರ್ ಮುಖಗಳನ್ನು ಒತ್ತಿ ಹಿಡಿದು, ಒಳಮೂಲೆಗೆ ಮೂಲೆಮಟ್ಟ ಇಡಿ. ಮಟ್ಟದ ತೋಳಿನ ತುದಿಯಲ್ಲಿ ಬೆಳಕು ಕಂಡರೆ ಮೂಲೆ 90ಕ್ಕಿಂತ ಹೆಚ್ಚಿದೆ, ಬ್ಲೇಡನ್ನು ಇನ್ನಷ್ಟು ವಾಲಿಸಿ. ಮೂಲೆಯ ಬುಡದಲ್ಲಿ ಬೆಳಕು ಕಂಡರೆ ಕಡಿಮೆ ಮಾಡಿ. ಇದು ತಪ್ಪನ್ನು ಎರಡರಷ್ಟು ತೋರಿಸುತ್ತದೆ. ಅದು ಸರಿ ಎನಿಸಿದ ಮೇಲೆ 40 ಮಿ.ಮೀ. ಅಗಲದ ನಾಲ್ಕು ಪಟ್ಟಿಗಳಲ್ಲಿ ಪೂರ್ತಿ ಚೌಕಟ್ಟು ಮಾಡಿ ಟೇಪಿನಿಂದ ಕಟ್ಟಿ ನೋಡಿ. ಅಲ್ಲಿ ತಪ್ಪು ಎಂಟರಷ್ಟಾಗಿ ಕಾಣುತ್ತದೆ. ನಾಲ್ಕೂ ಮೂಲೆ ಕೂಡುವವರೆಗೆ ಒಳ್ಳೆಯ ಹಲಗೆಯನ್ನು ಮುಟ್ಟಬೇಡಿ. ಬ್ಲೇಡ್ ಹೊಂದಿಸುವಾಗಲೆಲ್ಲ ಪ್ಲಗ್ ಕಿತ್ತಿರಲಿ.

ಉತ್ತರ 2

ಮೇಲಿನವರು ಹೇಳಿದ್ದು ಸರಿ. ಸಂದಿನ ಆಕಾರವನ್ನು ಓದುವುದನ್ನು ಸ್ವಲ್ಪ ವಿವರಿಸುತ್ತೇನೆ, ಏಕೆಂದರೆ ಕೋನ ಸರಿಮಾಡಿದ ಮೇಲೂ ಬೇರೆ ಸಂದು ಬರಬಹುದು.

ಹೊರಗೆ ಬಾಯಿ ಬಿಟ್ಟು ಒಳಗೆ ಮುಟ್ಟಿದ್ದರೆ ವಾಲಿಕೆ ಕಡಿಮೆ. ಒಳಗೆ ಬಾಯಿ ಬಿಟ್ಟು ಹೊರಗೆ ಮುಟ್ಟಿದ್ದರೆ ವಾಲಿಕೆ ಹೆಚ್ಚು. ಎರಡರಲ್ಲೂ ಸಂದು ಬೆಣೆಯಾಕಾರ. ಒಳಗಿನಿಂದ ಹೊರಗಿನವರೆಗೆ ಒಂದೇ ಅಗಲದ ಸಂದಾಗಿದ್ದರೆ ಕೋನದ ದೋಷವಲ್ಲ, ಎದುರುಬದುರಿನ ಹಲಗೆಗಳ ಉದ್ದ ಒಂದೇ ಇಲ್ಲ. ಅರ್ಧ ಮಿ.ಮೀ. ವ್ಯತ್ಯಾಸಕ್ಕೆ ಕೊನೆಯ ಮೂಲೆಯಲ್ಲಿ 0.35 ಮಿ.ಮೀ. ಸಂದು ಉಳಿಯುತ್ತದೆ. ಎದುರುಬದುರಿನ ಎರಡು ಹಲಗೆಗಳನ್ನು ಬೆನ್ನಿಗೆ ಬೆನ್ನು ಸೇರಿಸಿ ಚೂಪು ಅಂಚಿನ ಮೇಲೆ ಉಗುರು ಎಳೆಯಿರಿ, ಮೆಟ್ಟಿಲು ಇದ್ದರೆ ಉಗುರಿಗೆ ಸಿಗುತ್ತದೆ. ಕಾರಣ ಹೆಚ್ಚಾಗಿ ಸ್ಟಾಪ್ ಬ್ಲಾಕ್, ಅಂದರೆ ಎಲ್ಲ ಹಲಗೆಯೂ ಒಂದೇ ಉದ್ದಕ್ಕೆ ಬರಲೆಂದು ತುದಿ ತಾಗಿಸುವ ತಡೆ. ಮೈಟರಿನ ಚೂಪು ಅಂಚು ಬ್ಲಾಕಿನ ಕೆಳಗೆ ನುಸುಳುತ್ತದೆ, ಇಲ್ಲವೇ ಬ್ಲಾಕಿನ ಬುಡದಲ್ಲಿ ಮರದ ಪುಡಿ ಸೇರುತ್ತದೆ. ಬ್ಲಾಕ್ ಹಲಗೆಯ ದಪ್ಪಕ್ಕಿಂತ ಎತ್ತರವಾಗಿದ್ದು ತಳಕ್ಕೆ ಸರಿಯಾಗಿ ಕೂತಿರಲಿ, ಪ್ರತಿ ಕಡಿತಕ್ಕೂ ಒಮ್ಮೆ ಬ್ರಷ್ ಆಡಿಸಿ. ಹಲಗೆಯನ್ನು ಮೆಲ್ಲಗೆ ತಾಗಿಸಿ, ಗುದ್ದಿದರೆ ಚೂಪು ಅಂಚು ಜಜ್ಜಿಹೋಗುತ್ತದೆ.

ಮೂರನೆಯದು, ಮೇಲೆ ಮುಚ್ಚಿ ಕೆಳಗೆ ತೆರೆದ ಸಂದು. ಹಲಗೆಯ ಕೆಳ ಅಂಚಿಗೆ ಕಡಿತ 90ರಲ್ಲಿ ಇಲ್ಲ ಎಂದರ್ಥ. 100 ಮಿ.ಮೀ. ಎತ್ತರಕ್ಕೆ ಕಾಲು ಡಿಗ್ರಿ ತಪ್ಪಿದರೂ 0.4 ಮಿ.ಮೀ. ಓರೆ. ಇದನ್ನು ಬ್ಲೇಡ್ ವಾಲಿಸುವ ಮೊದಲೇ ಸರಿಪಡಿಸಬೇಕು: ಬ್ಲೇಡ್ ನೇರ ನಿಲ್ಲಿಸಿ, ಎರಡೂ ಅಂಚು ಸಮಾನಾಂತರ ಇರುವ 150 ಮಿ.ಮೀ. ಅಗಲದ ತುಂಡನ್ನು ಮಧ್ಯಕ್ಕೆ ಕತ್ತರಿಸಿ, ಒಂದು ಅರ್ಧವನ್ನು ಮಗುಚಿ, ಎರಡನ್ನೂ ನೇರಪಟ್ಟಿಗೆ ಒರಗಿಸಿ ಮತ್ತೆ ಕೂಡಿಸಿ. ಸಂದು ಕಂಡರೆ ಅದರ ಅರ್ಧದಷ್ಟು ಮೈಟರ್ ಗೇಜ್ (ಹಲಗೆಯನ್ನು ಒರಗಿಸಿ ಬ್ಲೇಡಿನತ್ತ ತಳ್ಳುವ ಮಾರ್ಗದರ್ಶಿ) ತಿರುಗಿಸಬೇಕು.

ಹಲಗೆ ಡೊಂಕಾಗಿದ್ದರೆ ಈ ಲೆಕ್ಕಗಳೆಲ್ಲ ಸುಳ್ಳಾಗುತ್ತವೆ. ಮೇಜಿನ ಮೇಲೆ ಇಟ್ಟು ನಾಲ್ಕು ಮೂಲೆ ಒತ್ತಿ, ಅಲುಗಿದರೆ ಮೊದಲು ಚಪ್ಪಟೆ ಮಾಡಿ. ನಾಲ್ಕೂ ಹಲಗೆ ಒಂದೇ ದಪ್ಪಕ್ಕೆ ಬಂದಿರಬೇಕು ಎಂಬುದನ್ನೂ ಮರೆಯಬೇಡಿ.

ಉತ್ತರ 3

ಟೇಬಲ್ ಗರಗಸವೇ ಬೇಕೆಂದಿಲ್ಲ. ಕೈಗರಗಸದಲ್ಲಿ ಗುರುತಿಗಿಂತ 1 ಮಿ.ಮೀ. ಹೆಚ್ಚು ಬಿಟ್ಟು ಕತ್ತರಿಸಿ, 45 ಡಿಗ್ರಿ ಇಳಿಜಾರಿನ ಶೂಟಿಂಗ್ ಬೋರ್ಡ್ (ಹೆರೆಯುವಾಗ ಹಲಗೆಯನ್ನು ಸರಿಯಾದ ಕೋನದಲ್ಲಿ ಹಿಡಿದಿಡುವ ಆಸರೆ) ಮೇಲೆ ಹತ್ತರಿಯಿಂದ ಹೆರೆದರೆ ಗರಗಸದ ಮುಖಕ್ಕಿಂತ ನುಣುಪಾದ ಮುಖ ಸಿಗುತ್ತದೆ. ಕೋನ ತಿದ್ದುವುದೂ ಸುಲಭ. 100 ಮಿ.ಮೀ. ಅಗಲದ ಹಲಗೆಯ ಒಂದು ಅಂಚಿನಡಿ ಸಾಮಾನ್ಯ ಬರವಣಿಗೆ ಕಾಗದದ ಪಟ್ಟಿ ಇಟ್ಟರೆ, ಅದರ ದಪ್ಪ ಸುಮಾರು 0.1 ಮಿ.ಮೀ., ಹಲಗೆ 0.06 ಡಿಗ್ರಿ ವಾಲುತ್ತದೆ. ಗರಗಸದ ಚಕ್ರ ತಿರುಗಿಸಿ ಅಷ್ಟು ಸೂಕ್ಷ್ಮವಾಗಿ ಹೊಂದಿಸುವುದು ಕಷ್ಟ. ಅಲಗು ಬಲು ಹರಿತವಿರಬೇಕು, ಸಿಪ್ಪೆ ಪಾರದರ್ಶಕವೆನಿಸುವಷ್ಟು ತೆಳ್ಳಗೆ ಬರಬೇಕು. ಹತ್ತರಿ ಹೊರಬೀಳುವ ಕಡೆ ಒಂದು ಬೇಡದ ತುಂಡನ್ನು ಒತ್ತಿ ಇಡಿ, ಇಲ್ಲದಿದ್ದರೆ ಆ ಅಂಚಿನ ಎಳೆ ಸೀಳಿ ಕಿತ್ತುಬರುತ್ತದೆ.

ಒಂದು ಎಚ್ಚರಿಕೆ: ಪ್ರತಿ ಹಲಗೆಯಲ್ಲೂ ಎಷ್ಟು ಹೆರೆದಿರಿ ಎಂದು ಲೆಕ್ಕವಿಡಿ. ಕೋನ ಸರಿಮಾಡಲು ಹೋಗಿ ಉದ್ದ ಕೆಡಿಸುವುದು ಇಲ್ಲಿ ತೀರ ಸುಲಭ. ಒಂದಕ್ಕೆ ಮೂರು ಸಲ ಎಳೆದರೆ ಎದುರಿನದಕ್ಕೂ ಮೂರೇ ಸಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಚೌಕಟ್ಟಿನ ಪರೀಕ್ಷೆಯಲ್ಲಿ ಬ್ಲೇಡನ್ನು ಸ್ವಲ್ಪ ಹೆಚ್ಚು ವಾಲಿಸಿದ ಮೇಲೆ ನಾಲ್ಕೂ ಮೂಲೆ ಕೂಡಿದವು. ಹೊಸ ಹಲಗೆಗಳೂ ಹಾಗೆಯೇ ಕೂಡುತ್ತಿವೆ. ಈಗ ಬೇರೆ ತೊಂದರೆ: ತಳದ ಪ್ಲೈವುಡ್ ಸೇರಿಸಿ ಜೋಡಿಸಿದರೆ ನಾಲ್ಕೂ ಮೂಲೆಯಲ್ಲಿ ಸುಮಾರು 0.7 ಮಿ.ಮೀ. ಸಂದು, ಒಳಗೂ ಹೊರಗೂ ಒಂದೇ ಅಗಲ. ತಳ ತೆಗೆದರೆ ಮುಚ್ಚಿಕೊಳ್ಳುತ್ತದೆ. ತಳ ಕೂರುವ ಗ್ರೂವ್ (ಹಲಗೆಯ ಒಳಮುಖದ ಗಾಡಿ) 5 ಮಿ.ಮೀ. ಆಳ, ತಳ 287 × 187 ಮಿ.ಮೀ.

ಉತ್ತರ 2

ಉತ್ತರ ನಿಮ್ಮ ಅಳತೆಯಲ್ಲೇ ಇದೆ. ಒಳ ಅಳತೆ 300ರಲ್ಲಿ 24 ಕಳೆದರೆ 276, ಅತ್ತಿತ್ತ 5 ಸೇರಿಸಿದರೆ 286. ಇನ್ನೊಂದು ಕಡೆ 186. ನಿಮ್ಮ ತಳ ಎರಡೂ ಕಡೆ 1 ಮಿ.ಮೀ. ಹೆಚ್ಚು, ಅದೇ ಪೆಟ್ಟಿಗೆಯನ್ನು ಒಳಗಿನಿಂದ ನೂಕುತ್ತಿದೆ. 285 × 185ಕ್ಕೆ ಇಳಿಸಿ, ಸುತ್ತ ಅರ್ಧ ಮಿ.ಮೀ. ಸಡಿಲ ಇರಲಿ. ಗ್ರೂವಿನ ಮೂಲೆಗಳಲ್ಲಿ ಪುಡಿ ಗಟ್ಟಿಯಾಗಿ ಕೂತಿದ್ದರೂ ಇದೇ ಲಕ್ಷಣ ಕಾಣುತ್ತದೆ, ಉಳಿಯ ತುದಿಯಿಂದ ಕೆರೆದು ತೆಗೆಯಿರಿ.

ಮುಂದೆ ಎಂದಾದರೂ ಗಟ್ಟಿಮರದ ತಳ ಹಾಕುವುದಾದರೆ ಎಳೆಗೆ ಅಡ್ಡವಾಗಿ ಇನ್ನೂ 2 ಮಿ.ಮೀ. ಬಿಡಬೇಕು, ತಳಕ್ಕೆ ಅಂಟು ಹಾಕಲೇಬಾರದು. ಮರ ತೇವ ಹೀರಿದಾಗ ಉದ್ದಕ್ಕೆ ಬೆಳೆಯುವುದು ಲೆಕ್ಕಕ್ಕಿಲ್ಲದಷ್ಟು, ಅಗಲಕ್ಕೆ ಬೆಳೆಯುವುದು ಬಹಳ. ಅಂಟಿಸಿ ತಿಂಗಳಾದ ಮೇಲೆ ಮೈಟರ್ ಸೀಳುವುದಕ್ಕೆ ಅಂಟಿಗಿಂತ ತಳವೇ ಹೆಚ್ಚು ಸಲ ಕಾರಣ.

ಉತ್ತರ 4

ಅಂಟಿನ ವಿಚಾರ ಯಾರೂ ಹೇಳಿಲ್ಲ, ಇನ್ನು ಅದೇ ಮುಖ್ಯ. ಮೈಟರಿನ ಮುಖದಲ್ಲಿ ಎಳೆಗಳ ತುದಿ ಓರೆಯಾಗಿ ತೆರೆದುಕೊಂಡಿರುತ್ತವೆ. ಹುಲ್ಲಿನ ಕೊಳವೆಗಳ ಕಟ್ಟಿನಂತೆ ಅವು ಅಂಟನ್ನು ಒಳಗೆ ಎಳೆದುಕೊಳ್ಳುತ್ತವೆ, ಮೇಲೆ ಏನೂ ಉಳಿಯುವುದಿಲ್ಲ. ಬಿಳಿ ಮರದ ಅಂಟು, ಅಂದರೆ ಪಿವಿಎ, ಬಳಸುವುದಾದರೆ ಎಂಟೂ ಮುಖಕ್ಕೆ ಮೊದಲು ತೆಳ್ಳಗೆ ಒಂದು ಸಲ ಸವರಿ ತಿಕ್ಕಿ, ಮೂರು–ನಾಲ್ಕು ನಿಮಿಷ ಬಿಡಿ. ಮೇಲ್ಮೈ ಮಂಕಾದ ಮೇಲೆ ಎರಡನೇ ಸಲ ಹಚ್ಚಿ. ಮೊದಲ ಪದರ ಪೂರ್ತಿ ಒಣಗಿ ಗಟ್ಟಿಯಾಗಲು ಬಿಡಬೇಡಿ.

ಜೋಡಿಸಲು ಟೇಪಿನಷ್ಟು ಒಳ್ಳೆಯದು ಇನ್ನೊಂದಿಲ್ಲ. ಹಲಗೆಗಳನ್ನು ಹೊರಮುಖ ಮೇಲೆ ಮಾಡಿ ಉದ್ದ, ಗಿಡ್ಡ, ಉದ್ದ, ಗಿಡ್ಡ ಎಂಬ ಸಾಲಿನಲ್ಲಿ, ಕೆಳ ಅಂಚು ನೇರಪಟ್ಟಿಗೆ ತಾಗುವಂತೆ ಇಡಿ. ಚೂಪು ಅಂಚುಗಳು ಒಂದಕ್ಕೊಂದು ಮುಟ್ಟಲಿ, ಮೇಲೇರಬಾರದು. 48 ಮಿ.ಮೀ. ಅಗಲದ ಟೇಪನ್ನು ಮೂರು ಕೂಡುಗಳಿಗೂ ಸ್ವಲ್ಪ ಎಳೆದು ಹಿಡಿದು ಅಂಟಿಸಿ, ಕೊನೆಯ ಹಲಗೆಯ ಹೊರಗೆ ಒಂದು ತುಂಡು ಟೇಪ್ ಚಾಚಿಕೊಂಡಿರಲಿ. ಸಾಲನ್ನು ಒಟ್ಟಿಗೆ ಮಗುಚಿ, ಅಂಟು ಹಚ್ಚಿ, ತಳ ಕೂರಿಸಿ, ಮಡಚಿ ಮುಚ್ಚಿ. ಮಡಚುವಾಗ ಟೇಪೇ ಹೊರ ಅಂಚನ್ನು ಬಿಗಿಯುತ್ತದೆ. ಆಮೇಲೆ ಎರಡೂ ಕರ್ಣ ಅಳೆಯಿರಿ, ನಿಮ್ಮ ಪೆಟ್ಟಿಗೆಗೆ 360.6 ಮಿ.ಮೀ. ಬರಬೇಕು. ಎರಡಕ್ಕೂ ಅರ್ಧ ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಉದ್ದದ ಕರ್ಣಕ್ಕೆ ಹಗುರವಾಗಿ ಕ್ಲಾಂಪ್ ಹಾಕಿ ಸರಿಪಡಿಸಿ. ಇದಕ್ಕೆಲ್ಲ ನಿಮಗಿರುವ ಸಮಯ ಐದರಿಂದ ಹತ್ತು ನಿಮಿಷ ಅಷ್ಟೇ, ಅಂಟಿಲ್ಲದೆ ಒಮ್ಮೆ ಪೂರ್ತಿ ಅಭ್ಯಾಸ ಮಾಡಿಕೊಳ್ಳಿ.

ಒಂದೇ ಹಲಗೆಯಿಂದ ಇದೇ ಕ್ರಮದಲ್ಲಿ ಕತ್ತರಿಸಿದ್ದರೆ ಮೂರು ಮೂಲೆಗಳಲ್ಲಿ ಮರದ ಗೆರೆ ಮುರಿಯದೆ ತಿರುಗುತ್ತದೆ. ನಾಲ್ಕನೆಯದು ಹೊಂದುವುದಿಲ್ಲ, ಅದನ್ನು ಹಿಂಬದಿಗೆ ತಿರುಗಿಸಿ.

ಪ್ರಶ್ನೆ ಕೇಳಿದವರು

ಅಂಟಿಸುವಾಗ ಒಂದು ಮೂಲೆಯಲ್ಲಿ ಕೂದಲೆಳೆಯಷ್ಟು ಸಂದು ಉಳಿದರೆ? ಮತ್ತೆ, ಬರೀ ಅಂಟು ಸಾಕೇ, ಸ್ಪ್ಲೈನ್ (ಮೂಲೆಯ ಸೀಳಿನಲ್ಲಿ ಕೂರಿಸುವ ತೆಳು ಮರದ ಪಟ್ಟಿ) ಬೇಕೇ?

ಉತ್ತರ 1

0.3 ಮಿ.ಮೀ. ಒಳಗಿನ ಸಂದಾದರೆ ಅಂಟು ಹಸಿಯಿರುವಾಗಲೇ ಸ್ಕ್ರೂಡ್ರೈವರಿನ ದುಂಡು ಕಂಬಿಯನ್ನು ಮೂಲೆಯ ಮೇಲೆ ಓರೆಯಾಗಿ ಹಿಡಿದು ಎರಡೂ ಕಡೆಯಿಂದ ಒತ್ತಿ ಉಜ್ಜಿ. ಅಂಚಿನ ಎಳೆಗಳು ಬಾಗಿ ಸಂದನ್ನು ಮುಚ್ಚುತ್ತವೆ. ಒಣಗಿದ ಮೇಲೆ ಉಪ್ಪುಕಾಗದ ಆಡಿಸಿದರೆ ಗುರುತು ಹೋಗುತ್ತದೆ. ಅದಕ್ಕಿಂತ ದೊಡ್ಡ ಸಂದಿಗೆ ಪುಡಿ ಮತ್ತು ಅಂಟು ತುಂಬಿದರೆ ಪಾಲಿಶ್ ಹಚ್ಚಿದಾಗ ಕಪ್ಪು ಗೆರೆಯಾಗಿ ಎದ್ದು ಕಾಣುತ್ತದೆ. ಅಂಥದ್ದನ್ನು ಅಂಟು ಹಿಡಿಯುವ ಮೊದಲೇ ಬಿಚ್ಚಿ ಒರೆಸುವುದು ಮೇಲು.

ಸ್ಪ್ಲೈನ್ ಬೇಕು, ಅದರಲ್ಲೂ ಮುಚ್ಚಳ ದಿನವೂ ತೆರೆಯುವ ಪೆಟ್ಟಿಗೆಗೆ. 24 ಗಂಟೆ ಒಣಗಲಿ. ಪೆಟ್ಟಿಗೆಯನ್ನು 45ಕ್ಕೆ ಹಿಡಿಯುವ ವಿ ಆಕಾರದ ತೊಟ್ಟಿಲಲ್ಲಿ ಕೂರಿಸಿ, 3 ಮಿ.ಮೀ. ಅಗಲದ ಸೀಳನ್ನು ಮೂಲೆಯ ತುದಿಯಿಂದ 12 ಮಿ.ಮೀ. ಆಳಕ್ಕೆ ಹಾಕಿ. ಮೂಲೆಯಲ್ಲಿ ಒಟ್ಟು ದಪ್ಪ 17 ಇರುವುದರಿಂದ ಒಳಗೆ ತೂತಾಗುವುದಿಲ್ಲ. ತಳದಿಂದ 20, 45, 85 ಮಿ.ಮೀ. ಎತ್ತರದಲ್ಲಿ ಮೂರು ಸಾಕು. ಅಂಟಿಸಿದ ಪೆಟ್ಟಿಗೆಯಿಂದ ಮುಚ್ಚಳವನ್ನು ಸೀಳಿ ಬೇರ್ಪಡಿಸುವ ಗೆರೆ ಎಲ್ಲಿ ಬರುತ್ತದೆಂದು ಮೊದಲೇ ಗುರುತಿಸಿ, ಅದರ ಮೇಲೆ ಸ್ಪ್ಲೈನ್ ಬೀಳಬಾರದು.

ಸ್ಪ್ಲೈನಿನ ಎಳೆ ಮೂಲೆಯನ್ನು ಅಡ್ಡ ದಾಟಿ ಹೋಗಬೇಕು. ಎಳೆ ಕೂಡಿನ ಗೆರೆಯ ಉದ್ದಕ್ಕೇ ಇದ್ದರೆ ಕೈಯಲ್ಲೇ ಮುರಿಯುತ್ತದೆ, ಏನೂ ಉಪಯೋಗವಿಲ್ಲ. ಹೆಬ್ಬೆರಳಿನ ಒತ್ತಡಕ್ಕೆ ಜಾರಿ ಒಳಹೋಗುವಷ್ಟು ದಪ್ಪವಿರಲಿ. ಸುತ್ತಿಗೆಯಿಂದ ಬಡಿದು ಕೂರಿಸಬೇಕಾದರೆ ದಪ್ಪ ಹೆಚ್ಚಾಯಿತು, ಅಂಟಿನ ನೀರಿಗೆ ಅದು ಊದಿ ಅರ್ಧದಲ್ಲೇ ಸಿಕ್ಕಿಕೊಳ್ಳುತ್ತದೆ. ಒಣಗಿದ ಮೇಲೆ ಹೆಚ್ಚಿನದನ್ನು ಗರಗಸದಿಂದ ಕತ್ತರಿಸಿ, ಉಳಿದದ್ದನ್ನು ಮೂಲೆಯ ಕಡೆಯಿಂದ ಹಲಗೆಯ ಮಧ್ಯದ ಕಡೆಗೆ ಹೆರೆಯಿರಿ. ಎದುರು ದಿಕ್ಕಿನಲ್ಲಿ ಹೆರೆದರೆ ಸ್ಪ್ಲೈನಿನ ತುದಿ ಮೂಲೆಯಲ್ಲಿ ಚೂರಾಗಿ ಹಾರಿಹೋಗುತ್ತದೆ.