ಎಲೆಕ್ಟ್ರಾನಿಕ್ ಮಾಡ್ಯೂಲ್ ಹಾಕಿದ ಮೇಲೆ ಇಂಜಿನ್ ಹಗ್ಗ ವಾಪಸ್ ಎಳೀತಿದೆ, ಪಾಯಿಂಟ್ ಇದ್ದಾಗ ಹೀಗಿರಲಿಲ್ಲ

ತೋಟದ_ದಾರಿ (ಹೊಸನಗರ):
ಎಲ್ಲರಿಗೂ ನಮಸ್ಕಾರ. ಅಡಿಕೆಗೆ ಬೋರ್ಡೋ (ಮೈಲುತುತ್ತ, ಸುಣ್ಣ ಕಲಸಿದ ಮದ್ದು) ಹೊಡೆಯೋ ಎಚ್‌ಟಿಪಿ ಪಂಪಿನ, ಅಂದ್ರೆ ಜೋರು ಪ್ರೆಶರಿನ ಸ್ಪ್ರೇ ಪಂಪಿನ ಇಂಜಿನ್ ಇದು. ಹಳೇ ಕಾಲದ ಪೆಟ್ರೋಲ್, ಫೋರ್ ಸ್ಟ್ರೋಕ್, ಸೈಡ್ ವಾಲ್ವ್, ಹಗ್ಗ ಸುತ್ತಿ ಎಳೆಯೋದು. ಪಾಯಿಂಟ್ (ಕರೆಂಟ್ ಕಡಿದು ಕಿಡಿ ಹುಟ್ಟಿಸೋ ಸ್ವಿಚ್), ಕಂಡೆನ್ಸರ್ (ಆ ಸ್ವಿಚ್ ಸುಡದ ಹಾಗೆ ಕಾಯೋದು), ಕಾಯಿಲ್ (ಕಿಡಿಗೆ ವೋಲ್ಟೇಜ್ ಕೊಡೋ ಸುರುಳಿ) ಮೂರೂ ಮ್ಯಾಗ್ನೆಟ್ ಚಕ್ರದ ಒಳಗೆ ಒಂದೇ ಪ್ಲೇಟಿನ ಮೇಲಿವೆ. ಮೊದಲನೇ ಮದ್ದು ಆಗಿ ಎರಡನೇದಕ್ಕೆ 40-45 ದಿನ ಬಿಟ್ಟು ಹೊರಗೆ ತೆಗೆದರೆ ಪ್ರತಿ ವರ್ಷ ಒಂದೇ ಕತೆ: ಪಾಯಿಂಟಿನ ಮೇಲೆ ಬೂದು ಪದರ, ಕರೆಂಟೇ ಇಲ್ಲ. ಅದಕ್ಕೆ ಈ ಸಲ ಪಾಯಿಂಟಿನ ಬದಲಿಗೆ ಎರಡು ವೈರಿನ ಎಲೆಕ್ಟ್ರಾನಿಕ್ ಮಾಡ್ಯೂಲ್ ತರಿಸಿ ಹಾಕಿದೆ. ಈಗ ಕಿಡಿ ಬರುತ್ತೆ, ಆದ್ರೆ ಸಪ್ಪೆ. ಎಳೆದರೆ ಹಗ್ಗ ಕೈಯಿಂದ ಕಿತ್ತುಕೊಂಡು ವಾಪಸ್ ಹೋಗುತ್ತೆ, ಒಮ್ಮೊಮ್ಮೆ ಕಾರ್ಬೊರೇಟರಿಂದ ಢಂ ಅನ್ನುತ್ತೆ. ಹೊಸ ಪ್ಲಗ್ ಹಾಕಿದ್ರೂ ಅಷ್ಟೇ. ಮಳೆ ಒಂದೆರಡು ದಿನ ಹೊಳವಾಗಿದೆ, ಕೊನೆಗಾರರು (ಮರ ಹತ್ತಿ ಮದ್ದು ಹೊಡೆಯೋರು) ಬರ್ತೀನಿ ಅಂದಿದ್ದಾರೆ. ಎಂತ ಮಾಡೋದು?

ವರದಾಮೂಲ (ಸಾಗರ):
ಪಾಯಿಂಟ್ ವೈರ್, ಕಂಡೆನ್ಸರ್ ವೈರ್ ಎರಡನ್ನೂ ಕಾಯಿಲಿಂದ ಬಿಡಿಸಿದ್ದೀರಾ? ಕಂಡೆನ್ಸರ್ ಹಾಗೇ ಉಳಿದರೂ ಮಾಡ್ಯೂಲ್ ಹುಚ್ಚುಹುಚ್ಚಾಗಿ ಆಡುತ್ತೆ. ಕಾಯಿಲಿನ ಪ್ರೈಮರಿ (ದಪ್ಪ ತಂತಿಯ ಸುತ್ತು) ಓಮ್ ನೋಡಿದ್ರಾ? ಅರ್ತ್ ಎಲ್ಲಿ ಕೊಟ್ಟಿದ್ದೀರಿ?

ತೋಟದ_ದಾರಿ:
ಎರಡೂ ಬಿಡಿಸಿ ಟೇಪ್ ಸುತ್ತಿದೀನಿ ಸರ್. ಪಾಯಿಂಟ್ ಅದರ ಜಾಗದಲ್ಲೇ ಇದೆ. ಪ್ರೈಮರಿ ಒಂದು ಓಮಿನ ಆಸುಪಾಸು, ಸೆಕೆಂಡರಿ (ಪ್ಲಗ್ಗಿಗೆ ಹೋಗೋ ಸುತ್ತು) ಏಳು ಸಾವಿರ ಚಿಲ್ಲರೆ. ಅರ್ತ್ ಬೋಲ್ಟಿನ ಕೆಳಗೆ ಪೇಂಟ್ ಕೆರೆದು ಕೊಟ್ಟಿದೀನಿ. ಮಾಡ್ಯೂಲಿನ ಎರಡೂ ವೈರ್ ಕಪ್ಪು, ಯಾವುದು ಯಾವುದಕ್ಕೆ ಅಂತ ಬರೆದಿಲ್ಲ.

ತುಂಗಾತೀರ (ತೀರ್ಥಹಳ್ಳಿ):
ಹಾಗಾದ್ರೆ ಕಾಯಿಲ್ ಸರಿ ಇದೆ. ಆ ಎರಡು ಕಪ್ಪು ವೈರನ್ನ ಅದಲುಬದಲು ಮಾಡಿ ನೋಡಿ ಮಾರಾಯ್ರೆ, ನನಗೆ ಅಲ್ಲೇ ಅನುಮಾನ.

ಕಾರಣ ಹೇಳ್ತೀನಿ. ಮ್ಯಾಗ್ನೆಟ್ ಕಾಯಿಲಿನ ಕಾಲುಗಳ ಮುಂದೆ ಹಾದು ಹೋಗುವಾಗ ಪ್ರೈಮರಿಯಲ್ಲಿ ಒಂದೇ ಏಟು ಕರೆಂಟ್ ಹುಟ್ಟೋದಲ್ಲ. ಮೊದಲು ಒಂದು ಚಿಕ್ಕದು, ಆಮೇಲೆ ಉಲ್ಟಾ ದಿಕ್ಕಿನಲ್ಲಿ ಒಂದು ದೊಡ್ಡದು, ಮತ್ತೆ ಮೊದಲಿನ ದಿಕ್ಕಿಗೇ ಒಂದು ಚಿಕ್ಕದು. ಪಾಯಿಂಟಿಗೆ ದಿಕ್ಕಿನ ಗೊಡವೆ ಇಲ್ಲ. ಕ್ಯಾಮ್ (ಶಾಫ್ಟಿನ ಮೇಲಿನ ಉಬ್ಬು) ಎತ್ತಿದಾಗ ತೆರೆಯುತ್ತೆ, ದೊಡ್ಡ ಏಟಿನ ತುದಿಯಲ್ಲಿ ತೆರೆಯೋ ಹಾಗೆ ಕ್ಯಾಮ್ ಮಾಡಿರ್ತಾರೆ. ಮಾಡ್ಯೂಲಿನ ಒಳಗಿರೋ ಟ್ರಾನ್ಸಿಸ್ಟರಿಗೆ ಒಂದೇ ದಿಕ್ಕು ಕಾಣೋದು. ವೈರ್ ಉಲ್ಟಾ ಆದರೆ ಅದು ದೊಡ್ಡ ಏಟನ್ನ ಬಿಟ್ಟು ಅಕ್ಕಪಕ್ಕದ ಚಿಕ್ಕ ಏಟಿಗೆ ಕರೆಂಟ್ ಕಡಿಯುತ್ತೆ. ಕಿಡಿ ಸಪ್ಪೆ, ಹೊತ್ತೂ ತಪ್ಪು. ಪಿಸ್ಟನ್ ಇನ್ನೂ ಮೇಲೆ ಬರ್ತಿರುವಾಗಲೇ ಹೊತ್ತಿಕೊಂಡರೆ ಹಗ್ಗ ವಾಪಸ್ ಹೋಗದೆ ಇನ್ನೇನಾಗುತ್ತೆ?

ಪರೀಕ್ಷೆ ಮಾಡುವಾಗ ಪ್ಲಗ್ಗನ್ನ ಹೆಡ್ಡಿಗೆ ತಾಗಿಸಿಯೇ ಎಳೀರಿ. ಪ್ಲಗ್ ವೈರ್ ಗಾಳಿಯಲ್ಲಿ ಬಿಟ್ಟು ಎಳೆದರೆ ಆ ವೋಲ್ಟೇಜಿಗೆ ಹೋಗೋಕೆ ದಾರಿ ಇಲ್ಲದೆ ಕಾಯಿಲಿನ ಇನ್ಸುಲೇಶನ್ನೋ ಮಾಡ್ಯೂಲೋ ಸುಡುತ್ತೆ. ಪ್ಲಗ್ ನಂಬರಲ್ಲಿ ‘ಆರ್’ ಇರೋದು, ಅಂದ್ರೆ ರೆಸಿಸ್ಟರ್ ಇರೋದು ಹಾಕಿ.

ಕಾಫಿಗಿಡ (ಕೊಪ್ಪ):
ಇಷ್ಟೆಲ್ಲ ಎಂತಕ್ಕೆ ಅಂತ ನನ್ನ ಪ್ರಶ್ನೆ. ಪಾಯಿಂಟಾದ್ರೆ ತೋಟದಲ್ಲೇ ಎಮರಿ ಪೇಪರ್ ಆಡಿಸಿ, ಗ್ಯಾಪ್ 0.4 ಮಿ.ಮೀ. ಇಟ್ಟು ಕೆಲಸ ಮುಂದುವರಿಸಬಹುದು. ಮಾಡ್ಯೂಲ್ ಸತ್ತರೆ ಆಷಾಢದ ಮಳೆಯಲ್ಲಿ ಶಿವಮೊಗ್ಗಕ್ಕೆ ಓಡ್ತೀರಾ? ಪಾಯಿಂಟ್ ಪದೇ ಪದೇ ಕಪ್ಪಾಗ್ತಿದ್ರೆ ಕಂಡೆನ್ಸರ್ ಹೋಗಿರುತ್ತೆ, ಅದನ್ನ ಬದಲಾಯಿಸಿದ್ರೆ ಮುಗೀತು.

ತುಂಗಾತೀರ:
ಇಂಜಿನ್ ಓಡ್ತಾ ಓಡ್ತಾ ಪಾಯಿಂಟ್ ಸುಟ್ಟು ಕಪ್ಪಾದರೆ ಕಂಡೆನ್ಸರ್, ಅದು ಒಪ್ಪಿದೆ. ಇವರದ್ದು ಸುಮ್ಮನೆ ಕೂತಾಗ ಬರೋ ಬೂದು, ಅದು ಥಂಡಿ. ಇವರಿಗೆ ಮಾಡ್ಯೂಲ್ ಸರಿಯಾದ ಮದ್ದೇ. ಆದ್ರೆ ಅದು ಬದಲಾಯಿಸೋದು ಸ್ವಿಚ್ಚನ್ನ ಮಾತ್ರ. ಕಾಯಿಲ್ ಹೋದ ಇಂಜಿನ್ನಿಗೆ, ಮ್ಯಾಗ್ನೆಟ್ ಶಕ್ತಿ ಕಳೆದುಕೊಂಡ ಇಂಜಿನ್ನಿಗೆ ಮಾಡ್ಯೂಲ್ ಹಾಕಿ ದುಡ್ಡು ಕಳೆಯೋರನ್ನ ಬೇಕಾದಷ್ಟು ನೋಡಿದೀನಿ. ಶಿವಮೊಗ್ಗದ ಓಟ ತಪ್ಪಿಸೋಕೆ ಪಾಯಿಂಟ್, ಕಂಡೆನ್ಸರ್ ಎರಡನ್ನೂ ಕೀಳದೆ ಅಲ್ಲೇ ಬಿಡೋದು ಒಳ್ಳೇದು. ಅರ್ಧ ಗಂಟೆಯಲ್ಲಿ ವಾಪಸ್ ಬರಬಹುದು.

ತೋಟದ_ದಾರಿ:
ಸರ್, ವೈರ್ ಬದಲಾಯಿಸಿದೆ. ಕಿಡಿ ದಪ್ಪ, ನೀಲಿ. ಹಗ್ಗ ವಾಪಸ್ ಎಳೆಯೋದು ನಿಂತೇ ಹೋಯ್ತು, ಸಲೀಸಾಗಿ ಸ್ಟಾರ್ಟ್ ಆಗುತ್ತೆ! ಒಂದೇ ತಕರಾರು: ಪಂಪಿಗೆ ಪೂರ್ತಿ ಪ್ರೆಶರ್ ಕೊಟ್ಟಾಗ ಮೊದಲಿನ ದಮ್ಮಿಲ್ಲ, ಸೈಲೆನ್ಸರ್ ಜಾಸ್ತಿ ಕಾಯುತ್ತೆ.

ತುಂಗಾತೀರ:
ಟೈಮಿಂಗ್, ಅಂದ್ರೆ ಕಿಡಿ ಬೀಳೋ ಹೊತ್ತು, ಸ್ವಲ್ಪ ತಡ ಆಗಿದೆ. ಮಾಡ್ಯೂಲ್ ತನ್ನ ಲೆಕ್ಕದಲ್ಲಿ ಕಡಿಯುತ್ತೆ, ಪಾಯಿಂಟ್ ತೆರೆಯೋ ಜಾಗಕ್ಕೇ ಸರಿಯಾಗಿ ಅಲ್ಲ. ಪಾಯಿಂಟ್ ಅಲ್ಲೇ ಬಿಟ್ಟಿದ್ದು ಈಗ ಉಪಕಾರಕ್ಕೆ ಬಂತು. ಪಾಯಿಂಟ್ ವೈರಿಗೂ ಬಾಡಿಗೂ ಮಲ್ಟಿಮೀಟರ್ ಹಿಡಿದು ಬೀಪ್ ಮೋಡಲ್ಲಿ ಚಕ್ರ ನಿಧಾನ ತಿರುಗಿಸಿ. ಬೀಪ್ ನಿಲ್ಲೋ ಜಾಗದಲ್ಲಿ ಚಕ್ರಕ್ಕೂ ಬಾಡಿಗೂ ಬಿಳಿ ಗುರುತು ಹಾಕಿ. ಗ್ಯಾಪ್ ಸರಿ ಇದ್ದರೆ ಮಾತ್ರ ಈ ಗುರುತು ನಂಬಬಹುದು. ಆಮೇಲೆ ಬೈಕ್ ಬ್ಯಾಟರಿಗೆ ಟೈಮಿಂಗ್ ಲೈಟ್ (ಕಿಡಿ ಬಿದ್ದಾಗೆಲ್ಲ ಮಿಂಚೋ ದೀಪ) ಕೊಟ್ಟು, ಇಂಜಿನ್ ಓಡಿಸಿ, ಗುರುತು ಎಲ್ಲಿ ಕಾಣುತ್ತೆ ನೋಡಿ. ನಿಮ್ಮ ಚಕ್ರದ ವ್ಯಾಸ 150 ಮಿ.ಮೀ. ಇದ್ದರೆ ಅದರ ಅಂಚಿನಲ್ಲಿ 1.3 ಮಿ.ಮೀ. ಅಂದ್ರೆ ಒಂದು ಡಿಗ್ರಿ.

ಎಷ್ಟು ತಡವೋ ಅಷ್ಟು ಡಿಗ್ರಿ ಪ್ಲೇಟನ್ನ ಚಕ್ರ ತಿರುಗೋ ದಿಕ್ಕಿಗೆ ಎದುರಾಗಿ ಸರಿಸಿ. ಮಿ.ಮೀ. ಲೆಕ್ಕ ಹಾಗೇ ತಗೋಬೇಡಿ, ಪ್ಲೇಟ್ ಚಕ್ರಕ್ಕಿಂತ ಚಿಕ್ಕದು. ಪಾಯಿಂಟ್ ಗ್ಯಾಪ್ ಹೆಚ್ಚುಕಮ್ಮಿ ಮಾಡಿ ಟೈಮಿಂಗ್ ಸರಿ ಮಾಡ್ತೀನಿ ಅಂತ ಹೊರಡಬೇಡಿ, ಈಗ ಮ್ಯಾಗ್ನೆಟ್ ಎಲ್ಲಿ, ಕಾಯಿಲ್ ಎಲ್ಲಿ ಅನ್ನೋದೇ ಟೈಮಿಂಗ್.

ಇನ್ನೊಂದು: ಮೈಲುತುತ್ತದ ನೀರು ಅಲ್ಯೂಮಿನಿಯಂ ತಿನ್ನುತ್ತೆ. ಅರ್ತ್ ಬೋಲ್ಟ್ ಬಿಗಿ ಮಾಡಿದ ಮೇಲೆ ಗ್ರೀಸ್ ಮೆತ್ತಿ. ಮಾಡ್ಯೂಲ್ ಸಿಲಿಂಡರಿನ ರೆಕ್ಕೆಗೆ ತಾಗದ ಹಾಗೆ, ಫ್ಯಾನಿನ ಗಾಳಿ ಬರೋ ಕಡೆ ಕೂರಿಸಿ.

ತೋಟದ_ದಾರಿ:
ಅಂಚಿನಲ್ಲಿ 4 ಮಿ.ಮೀ. ತಡ ಇತ್ತು, ಅಂದ್ರೆ ಮೂರು ಡಿಗ್ರಿ. ಪ್ಲೇಟ್ ಸರಿಸಿದೆ, ದಮ್ಮು ಬಂತು. ನಾಳೆ ಬೆಳಿಗ್ಗೆ ಸುಣ್ಣ, ತುತ್ತ ಕಲಸೋದೇ. ಆದ್ರೆ ಈಗ ಸ್ಟಾಪ್ ಸ್ವಿಚ್ ಒತ್ತಿದ್ರೆ ಇಂಜಿನ್ ನಿಲ್ತಿಲ್ಲ, ಪೆಟ್ರೋಲ್ ಕಾಕ್ ಬಂದ್ ಮಾಡಿಯೇ ನಿಲ್ಲಿಸ್ತಾ ಇದೀನಿ.

ವರದಾಮೂಲ:
ಸ್ವಿಚ್ಚಿನ ವೈರ್ ಹಳೇ ಪಾಯಿಂಟ್ ಟರ್ಮಿನಲ್ಲಲ್ಲೇ ಉಳಿದಿದೆ. ಅದನ್ನ ಅಲ್ಲಿಂದ ಬಿಡಿಸಿ, ಕಾಯಿಲ್ ವೈರೂ ಮಾಡ್ಯೂಲ್ ವೈರೂ ಕೂಡೋ ಜಾಯಿಂಟಿಗೆ ಸೇರಿಸಿ. ಒತ್ತಿದಾಗ ಪ್ರೈಮರಿ ಅರ್ತ್ ಆಗಿ ನಿಲ್ಲುತ್ತೆ.