‘ಕಂಟ್ರಿ ಹೌಸ್ ಹೋಟೆಲ್’ಗೆ ‘ಹಳ್ಳಿಮನೆ’ ಹೊಂದುತ್ತದೆಯೇ?

ಪ್ರಶ್ನೆ: ಇಂಗ್ಲೆಂಡಿನ ಕ್ಲಿವ್ಡನ್ ಎಂಬ, ಈಗ ಹೋಟೆಲಾಗಿರುವ ಹಳೆಯ ಶ್ರೀಮಂತರ ಮನೆಯ ಬಗ್ಗೆ ಬರೆಯುವಾಗ ‘ಕಂಟ್ರಿ ಹೌಸ್ ಹೋಟೆಲ್’ ಅನ್ನು ‘ಹಳ್ಳಿಮನೆ ಹೋಟೆಲ್’ ಎನ್ನಬಹುದೇ? ಲಾಡ್ಜ್, ಪಾರ್ಕ್, ಡ್ರಾಯಿಂಗ್ ರೂಮ್‌ಗಳಿಗೆ ಏನು ಬಳಸಬೇಕು?

ಉತ್ತರ: ‘ಹಳ್ಳಿಮನೆ’ ಬೇಡ. ಅದನ್ನು ಕೇಳಿದೊಡನೆ ನಮಗೆ ಮುದ್ದೆ, ಅಕ್ಕಿರೊಟ್ಟಿ ನೆನಪಾಗುತ್ತವೆ. ಹಿಂದೆ ಇಂಗ್ಲೆಂಡಿನ ಶ್ರೀಮಂತ ಮನೆತನಗಳಿಗೆ ಪಾರ್ಲಿಮೆಂಟು ನಡೆಯುವಾಗ ಇರಲು ಲಂಡನ್ನಿನಲ್ಲೊಂದು ಮನೆ, ಗೇಣಿ ಬರುವ ಜಮೀನಿನ ನಡುವೆ ಇನ್ನೊಂದು. ಈ ಎರಡನೆಯದು ಕಂಟ್ರಿ ಹೌಸ್. ಊರಗೌಡರ, ಪಟೇಲರ ಮನೆಯನ್ನು ಜನ ‘ದೊಡ್ಮನೆ’ ಅನ್ನುತ್ತಾರಲ್ಲ, ಜಮೀನು, ದರ್ಪ, ಮನೆತನ ಮೂರೂ ಆ ಮಾತಿನಲ್ಲಿವೆ. ‘ದೊಡ್ಡಮನೆ ಹೋಟೆಲ್’ ಎಂದೇ ಬರೆಯಿರಿ.

ದೇಸಾಯರ ವಾಡೆಯೂ ಹತ್ತಿರದ್ದೇ. ಆದರೆ ವಾಡೆ ಎತ್ತರದ ಗೋಡೆಯೊಳಗೆ ಅಂಗಳದತ್ತ ಮುಖ ಮಾಡಿ ಕೂರುತ್ತದೆ, ಇಂಗ್ಲಿಷ್ ಮನೆ ಹೊರಗಿನ ಹುಲ್ಲುಗಾವಲನ್ನು ನೋಡುತ್ತದೆ. ಆ ನೋಟ ಕೆಡಬಾರದೆಂದೇ ‘ಹಾ-ಹಾ’ ಎಂಬ ಕಂದಕ ತೋಡುತ್ತಿದ್ದರು: ಮನೆಯ ಕಡೆ ನೆಟ್ಟಗಿನ ಗೋಡೆ, ಆಚೆ ಕಡೆ ಹುಲ್ಲಿನ ಇಳಿಜಾರು. ದನಕುರಿ ತೋಟಕ್ಕೆ ಹತ್ತಲಾರವು, ಕಿಟಕಿಯಿಂದ ನೋಡಿದರೆ ಬೇಲಿಯೇ ಇಲ್ಲ. ಮರಗಳು ಚೆದುರಿ ನಿಂತ ಆ ಹುಲ್ಲುಗಾವಲೇ ‘ಪಾರ್ಕ್’. ‘ಉದ್ಯಾನವನ’ ಎಂದರೆ ಕಲ್ಲುಬೆಂಚು, ಜಾರುಬಂಡೆ ಕಣ್ಣಿಗೆ ಬರುತ್ತವೆ, ತಪ್ಪು.

ಹೆಚ್ಚು ಎಡವುವುದು ‘ಲಾಡ್ಜ್’ನಲ್ಲಿ. ನಮಗದು ಬಸ್‌ಸ್ಟ್ಯಾಂಡ್ ಎದುರಿನ ಬಾಡಿಗೆ ರೂಮು. ಅಲ್ಲಿ ಎಸ್ಟೇಟಿನ ಗೇಟಿನ ಪಕ್ಕದ ಕಾವಲುಗಾರನ ಮನೆ. ‘ಡ್ರಾಯಿಂಗ್ ರೂಮ್’ಗೆ ಚಿತ್ರ ಬಿಡಿಸುವ ಸಂಬಂಧವಿಲ್ಲ. ‘ವಿತ್‌ಡ್ರಾಯಿಂಗ್’ ಸವೆದು ಉಳಿದ ರೂಪ, ಗದ್ದಲದಿಂದ ಸರಿದು ಕೂರುವ ಕೋಣೆ. ‘ದಿವಾನಖಾನೆ’ ಸಾಕು.

ಈ ಕಂಟ್ರಿ ಹೌಸ್‌ಗಳು ಹೋಟೆಲಾಗಲು ತೆರಿಗೆ ದೊಡ್ಡ ಕಾರಣ. 1894ರಲ್ಲಿ ಬಂದ ಮರಣ ತೆರಿಗೆಯ ಗರಿಷ್ಠ ದರ ಶೇ. 8 ಇತ್ತು, 1919ಕ್ಕೆ ಶೇ. 40 ಮುಟ್ಟಿತು. ಯಜಮಾನ ಸತ್ತಾಗ ತೆರಿಗೆಗೆಂದು ಜಮೀನು ಮಾರಿದರೆ, ಮನೆಯ ಖರ್ಚು ತೂಗುವ ಗೇಣಿಯೂ ಹೋಯಿತು. ಕ್ಲಿವ್ಡನ್ 1942ರಲ್ಲಿ ಹಳೆಯ ಮನೆ, ಜಾಗಗಳನ್ನು ಕಾಪಾಡುವ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟಿನ ಕೈಸೇರಿತು, 1980ರ ದಶಕದಲ್ಲಿ ಹೋಟೆಲಾಯಿತು. ಅಲ್ಲಿ ಮೊದಲ ಮನೆ 1666ರದ್ದು. 1795ರಲ್ಲಿ, ಮತ್ತೆ 1849ರಲ್ಲಿ ಅಲ್ಲಿನ ಮನೆ ಬೆಂಕಿಗೆ ಸಿಕ್ಕಿತು. ಈಗಿರುವುದನ್ನು ವಾಸ್ತುಶಿಲ್ಪಿ ಚಾರ್ಲ್ಸ್ ಬ್ಯಾರಿ 1851ರಲ್ಲಿ ಕಟ್ಟಿಸಿಕೊಟ್ಟ. ಹಾಗಾಗಿ ‘350 ವರ್ಷದ ಕಟ್ಟಡ’ ಎನ್ನಬೇಡಿ, ಜಾಗಕ್ಕೆ ಅಷ್ಟು ವಯಸ್ಸು.

ಇನ್ನೊಂದು: ಕನ್ನಡದಲ್ಲಿ ‘ಹೋಟೆಲ್’ ಎಂದರೆ ಮೊದಲು ತಿಂಡಿ, ಆಮೇಲೆ ಮಂಚ. ಈ ಪದ ಮೊದಲ ಸಲ ಬಂದಾಗ ತಂಗುವ ಮಾತನ್ನೂ ಸೇರಿಸಿ: ‘ತಂಗಲು ಕೋಣೆ ಕೊಡುವ ದೊಡ್ಡಮನೆ ಹೋಟೆಲ್’.